ಬಿ.ಕಾಂ. ಜೊತೆಗೆ ಅಪ್ರೆಂಟಿಸ್‌ಶಿಪ್: ಮಗಳನ್ನು ಸೇರಿಸಬಹುದಾ?

ಪ್ರಶ್ನೆ: ನಾವು ಚಳ್ಳಕೆರೆ ತಾಲ್ಲೂಕಿನವರು. ಶೇಂಗಾ ಬೆಳೀತೀವಿ, ಜೊತೆಗೆ ಒಂದು ಕಿರಾಣಿ ಅಂಗಡಿ ಇದೆ. ಮಗಳು ಸೆಕೆಂಡ್ ಪಿಯು ಕಾಮರ್ಸ್‌ನಲ್ಲಿ ಒಳ್ಳೆ ಅಂಕ ತೆಗೆದಿದ್ದಾಳೆ. ಒಂದು ಕಾಲೇಜಿನವರು ಬಿ.ಕಾಂ. ಲಾಜಿಸ್ಟಿಕ್ಸ್ (ಸರಕು ಸಾಗಣೆ, ಗೋಡೌನ್ ನಿರ್ವಹಣೆ) ಇದೆ ಅಂದರು. ಎರಡು ವರ್ಷ ಕ್ಲಾಸು, ಮೂರನೇ ವರ್ಷ ಕಂಪನಿಯಲ್ಲಿ ಅಪ್ರೆಂಟಿಸ್, ತಿಂಗಳಿಗೆ 9,000 ಸ್ಟೈಪೆಂಡ್, ಮುಗಿದ ಮೇಲೆ ಅಲ್ಲೇ ಕೆಲಸ ಗ್ಯಾರಂಟಿ ಅಂತ ಹೇಳಿದ್ದಾರೆ. ಮಗಳಿಗೆ ಆಸೆ ಇದೆ. ನಮ್ಮ ನೆಂಟರು ಮಾತ್ರ ಇದು ಓದೋಕೆ ಆಗದವರಿಗೆ ಮಾಡಿದ ಕೋರ್ಸು, ಗೋಡೌನ್‌ನಲ್ಲಿ ಬಾಕ್ಸ್ ಎತ್ತಿಸುತ್ತಾರೆ, ನಾಳೆ ಬ್ಯಾಂಕ್ ಪರೀಕ್ಷೆಗೆ ಈ ಡಿಗ್ರಿ ನಡೆಯಲ್ಲ, ಸುಮ್ನೆ ದಾವಣಗೆರೆಯಲ್ಲಿ ಮಾಮೂಲಿ ಬಿ.ಕಾಂ. ಮಾಡಿಸಿ ಕೋಚಿಂಗ್‌ಗೆ ಹಾಕಿ ಅಂತಾರೆ. ಬೆಂಗಳೂರಿಗೆ ಕಳಿಸಬೇಕಾಗುತ್ತೆ ಅನ್ನೋ ಭಯವೂ ಇದೆ. ಬಾಂಡ್ ಬರೆಸಿಕೊಳ್ಳುತ್ತಾರೆ ಅಂತಲೂ ಕೇಳಿದ್ದೇವೆ. ಏನು ಮಾಡೋಣ?

ಉತ್ತರ:

ನಿಮ್ಮ ಪತ್ರದಲ್ಲಿ ಐದಾರು ಅನುಮಾನಗಳು ಒಟ್ಟಿಗೇ ಬಂದಿವೆ. ಅದರಲ್ಲಿ ಕೆಲವು ನಿಜ, ಕೆಲವು ಯಾರೋ ಹೇಳಿದ ಮಾತು. ದಾವಣಗೆರೆಯಲ್ಲಿ ಕಾಮರ್ಸ್ ಪಾಠ ಮಾಡುತ್ತಾ ಮಕ್ಕಳ ಪ್ಲೇಸ್‌ಮೆಂಟ್ ಕೆಲಸವನ್ನೂ ನೋಡಿಕೊಂಡು ಬಂದವನು ನಾನು. ಹಾಗಾಗಿ ಈ ಪ್ರಶ್ನೆ ನನಗೆ ಪ್ರತಿ ವರ್ಷ ಜೂನ್ ಬಂದರೆ ಬರುತ್ತದೆ. ಮೊದಲೇ ಹೇಳಿಬಿಡುತ್ತೇನೆ, ಕೋರ್ಸ್ ಕೆಟ್ಟದ್ದಲ್ಲ. ಆದರೆ ಕೋರ್ಸಿನ ಹೆಸರು ನೋಡಿ ತೀರ್ಮಾನ ಮಾಡಬೇಡಿ. ಮೂರನೇ ವರ್ಷ ನಿಮ್ಮ ಮಗಳು ಯಾವ ಊರಲ್ಲಿ, ಯಾವ ಜಾಗದಲ್ಲಿ, ಯಾರ ಕೈಕೆಳಗೆ ಇರುತ್ತಾಳೆ ಅನ್ನೋದು ಗೊತ್ತಾಗದೆ ಹೂಂ ಅನ್ನಬೇಡಿ.

ಡಿಗ್ರಿ ನಡೆಯಲ್ಲ ಅನ್ನೋ ಮಾತಿನಿಂದಲೇ ಶುರು ಮಾಡೋಣ. ಅದು ತಪ್ಪು. ಅಪ್ರೆಂಟಿಸ್‌ಶಿಪ್ ಸೇರಿಸಿದ ಪದವಿಗೆ ಯುಜಿಸಿ (ವಿಶ್ವವಿದ್ಯಾಲಯಗಳ ಮೇಲ್ವಿಚಾರಣೆ ನೋಡುವ ಕೇಂದ್ರದ ಆಯೋಗ) 2020ರಲ್ಲೇ ಮಾರ್ಗಸೂಚಿ ಕೊಟ್ಟಿತು, 2025ರಲ್ಲಿ ಅದನ್ನು ಹೊಸದಾಗಿ ಬರೆಯಿತು. ಮೂರು ವರ್ಷದ ಪದವಿಯಲ್ಲಿ ಒಂದರಿಂದ ಮೂರು ಸೆಮಿಸ್ಟರ್‌ವರೆಗೆ ಅಪ್ರೆಂಟಿಸ್‌ಶಿಪ್ ಇಡಬಹುದು. ಒಂದು ವರ್ಷದ ಕೆಲಸಕ್ಕೆ ಕನಿಷ್ಠ 40 ಕ್ರೆಡಿಟ್. ಕ್ರೆಡಿಟ್ ಅಂದರೆ ಕಲಿಕೆಯ ಗಂಟೆಗಳ ಅಳತೆ. 40 ಕ್ರೆಡಿಟ್ ಅಂದರೆ 1,200 ಗಂಟೆ ಕಲಿಕೆ, ಒಂದು ಪೂರ್ತಿ ವರ್ಷದ ಓದಿಗೆ ಸಮ. ನಮ್ಮ ರಾಜ್ಯದ ಕೆಲವು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲೂ 2024-25ರಿಂದ ಇಂಥ ಕೋರ್ಸ್ ಬಂದಿವೆ. ಕೈಗೆ ಬರೋದು ವಿಶ್ವವಿದ್ಯಾಲಯ ಕೊಡುವ ಬಿ.ಕಾಂ. ಪದವಿಯೇ. ಐಬಿಪಿಎಸ್ ಬ್ಯಾಂಕ್ ಪರೀಕ್ಷೆ ಆಗಲಿ, ಕೆಪಿಎಸ್‌ಸಿ ಗ್ರೂಪ್ ಸಿ ಆಗಲಿ, ಕೆಎಎಸ್ ಆಗಲಿ, ಕೇಳೋದು ಮಾನ್ಯತೆ ಇರುವ ವಿಶ್ವವಿದ್ಯಾಲಯದ ಪದವಿ. ಮೂರನೇ ವರ್ಷ ಕ್ಲಾಸಲ್ಲಿ ಕೂತಿದ್ದೆಯಾ, ಗೋಡೌನಲ್ಲಿ ನಿಂತಿದ್ದೆಯಾ ಅಂತ ಅಲ್ಲಿ ಯಾರೂ ಕೇಳಲ್ಲ.

ಒಂದು ಕಡೆ ಮಾತ್ರ ಹುಷಾರಾಗಿರಬೇಕು. ಮುಂದೆ ಎಂ.ಕಾಂ. ಮಾಡುವ ಆಸೆ ಇದ್ದರೆ ಸಿಲಬಸ್ ತರಿಸಿ ನೋಡಿ. ಮಾಮೂಲಿ ಬಿ.ಕಾಂ.ನಲ್ಲಿ ಕೊನೇ ವರ್ಷಕ್ಕೆ ಆದಾಯ ತೆರಿಗೆ, ಆಡಿಟಿಂಗ್, ಕಾಸ್ಟ್ ಅಕೌಂಟಿಂಗ್ ಥರದ ಭಾರದ ವಿಷಯಗಳು ಇರುತ್ತವೆ. ಕೆಲಸದ ವರ್ಷಕ್ಕೆ ಜಾಗ ಮಾಡಿಕೊಡಲು ಅವುಗಳಲ್ಲಿ ಯಾವುದನ್ನು ಕೈಬಿಟ್ಟಿದ್ದಾರೆ, ಯಾವುದನ್ನು ಮೊದಲೆರಡು ವರ್ಷಕ್ಕೆ ತಂದಿದ್ದಾರೆ ಅಂತ ಕೇಳಿ. ಚಳ್ಳಕೆರೆ, ಚಿತ್ರದುರ್ಗ, ದಾವಣಗೆರೆ ಎಲ್ಲಾ ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಗೇ ಬರುತ್ತವೆ. ಅದರ ಮಾಮೂಲಿ ಬಿ.ಕಾಂ. ಸಿಲಬಸ್ಸು ಮತ್ತು ಈ ಕೋರ್ಸಿನ ಸಿಲಬಸ್ಸು ಎರಡನ್ನೂ ಪಕ್ಕಪಕ್ಕ ಇಟ್ಟು ಮಗಳ ಪಿಯು ಲೆಕ್ಚರರ್ ಹತ್ತಿರ ತೋರಿಸಿದರೆ ಅರ್ಧ ಗಂಟೆಯಲ್ಲಿ ಹೇಳಿಬಿಡುತ್ತಾರೆ.

"ಓದೋಕೆ ಆಗದವರಿಗೆ" ಅನ್ನೋ ಮಾತು ನನಗೆ ತುಂಬಾ ಬೇಜಾರು ಮಾಡುತ್ತದೆ. ಕೈ ಕೆಲಸ ಅಂದರೆ ಕೀಳು, ಪುಸ್ತಕ ಅಂದರೆ ಮೇಲು ಅನ್ನೋ ಹಳೇ ಎಣಿಕೆ ಅದು. ಎಂಬಿಬಿಎಸ್ ಮುಗಿಸಿದ ಹುಡುಗ ಆಸ್ಪತ್ರೆಯಲ್ಲಿ ಹೌಸ್‌ಸರ್ಜನ್ ಆಗಿ ದುಡಿದ ಮೇಲೆ ತಾನೇ ಡಾಕ್ಟರ್ ಅನ್ನಿಸಿಕೊಳ್ಳೋದು? ಸಿಎ ಓದುವವರು ಆಡಿಟರ್ ಆಫೀಸಿನಲ್ಲಿ ಆರ್ಟಿಕಲ್‌ಶಿಪ್ ಮಾಡದೆ ಸಿಎ ಆಗೋಕೆ ಆಗಲ್ಲ. ಅಲ್ಲಿ ಗೌರವ, ಇಲ್ಲಿ ಮಾತ್ರ ತಾತ್ಸಾರ, ಯಾಕೆ?

ಈಗ ಗೋಡೌನಿನ ವಿಷಯ. ನಿಮ್ಮ ನೆಂಟರ ಈ ಮಾತನ್ನು ನಾನು ತಳ್ಳಿಹಾಕಲ್ಲ. ಬಾಕ್ಸ್ ಎತ್ತಿಸುವ ಜಾಗಗಳೂ ಇವೆ, ಕಲಿಸುವ ಜಾಗಗಳೂ ಇವೆ. ಎರಡನ್ನೂ ನೋಡಿದ್ದೇನೆ. ವ್ಯತ್ಯಾಸ ಗೊತ್ತಾಗೋದು ಮಕ್ಕಳ ಲಾಗ್‌ಬುಕ್ಕಿನಲ್ಲಿ. ದಿನಾ ಏನು ಮಾಡಿದೆ ಅಂತ ಅವರು ಬರೆದು ಮೇಲಿನವರ ಸಹಿ ಹಾಕಿಸಬೇಕು. ಒಬ್ಬ ಹುಡುಗನ ಲಾಗ್‌ಬುಕ್ಕಿನಲ್ಲಿ ಪುಟಗಟ್ಟಲೆ ಒಂದೇ ಸಾಲು: "ಸರಕು ಇಳಿಸಿದೆ, ಎಣಿಸಿದೆ." ಕೆಳಗೆ ಒಂದು ತಿಂಗಳ ಸಹಿ ಒಂದೇ ಪೆನ್ನಿನಲ್ಲಿ, ಒಂದೇ ದಿನ ಹಾಕಿದ್ದು ನೋಡಿದರೇ ಗೊತ್ತಾಗುತ್ತಿತ್ತು. ಅದೇ ಸಮಯದಲ್ಲಿ ಇನ್ನೊಂದು ಕಡೆ ಇದ್ದ ಹುಡುಗಿ ಬರೆದಿದ್ದೇ ಬೇರೆ. ಲಾರಿ ಬಂದಾಗ ಪರ್ಚೇಸ್ ಆರ್ಡರ್, ಇನ್‌ವಾಯ್ಸ್, ನಿಜವಾಗಿ ಇಳಿದ ಮಾಲು ಮೂರನ್ನೂ ತಾಳೆ ನೋಡಿದ್ದು. ಎರಡು ಪೆಟ್ಟಿಗೆ ಕಡಿಮೆ ಬಂದಾಗ ಅದನ್ನು ರಸೀದಿಯಲ್ಲಿ ಹೇಗೆ ತೋರಿಸಬೇಕು ಅಂತ ಕಲಿತದ್ದು. ಒಂದು ಪುಟದಲ್ಲಿ ಹಿರಿಯೂರು ಹತ್ತಿರ ಕೆಟ್ಟು ನಿಂತ ಲಾರಿಯ ಕಥೆ ಇತ್ತು. ಮಾಲನ್ನು ಬೇರೆ ಲಾರಿಗೆ ಹಾಕಿದರೆ ಇ-ವೇ ಬಿಲ್ಲಿನ (ಸರಕು ಸಾಗಿಸಲು ಜಿಎಸ್‌ಟಿಯಲ್ಲಿ ಬೇಕಾದ ಆನ್‌ಲೈನ್ ಚೀಟಿ) ಪಾರ್ಟ್ ಬಿ ಯಲ್ಲಿ ಹೊಸ ಗಾಡಿ ನಂಬರ್ ಹಾಕಲೇಬೇಕು. ಬಿಲ್ಲಿನ ಅವಧಿ 200 ಕಿಲೋಮೀಟರಿಗೆ ಒಂದು ದಿನ. ಅದು ಮುಗಿಯುವ ಹೊತ್ತಿಗೆ ಹಿಂದೆ ಮುಂದೆ 8 ಗಂಟೆಯೊಳಗೆ ವಿಸ್ತರಿಸದಿದ್ದರೆ ದಾರಿಯಲ್ಲಿ ಗಾಡಿ ಹಿಡಿದರೆ ದಂಡ. ಇದನ್ನು ನಾನು ಜಿಎಸ್‌ಟಿ ಪಾಠದಲ್ಲಿ ಬೋರ್ಡಿನ ಮೇಲೆ ಬರೆಸುತ್ತೇನೆ, ಮಕ್ಕಳು ಪರೀಕ್ಷೆಯಲ್ಲಿ ಬರೆದು ಮರೆಯುತ್ತಾರೆ. ಆ ಹುಡುಗಿ ಮರೆಯಲ್ಲ. ಡ್ರೈವರ್ ಫೋನಿನಲ್ಲಿ ಕಾಯುತ್ತಿದ್ದಾಗ ಅವಳು ಪೋರ್ಟಲ್ ತೆರೆದು ನಂಬರ್ ಹಾಕಿದ್ದಳು.

ಅಂದರೆ ಕೋರ್ಸು ಒಂದೇ, ಪದವಿ ಒಂದೇ, ಕಲಿತದ್ದು ಮಾತ್ರ ಅಜಗಜಾಂತರ.

ಹೀಗೆ ಯಾಕಾಗುತ್ತದೆ? ಕಂಪನಿಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳೋಕೆ ಮೂರು ಕಾರಣ ಇವೆ. ಒಂದು, ಕಾನೂನು. 1961ರ ಅಪ್ರೆಂಟಿಸ್ ಕಾಯ್ದೆಯ ಕೆಳಗೆ 2019ರಲ್ಲಿ ತಿದ್ದಿದ ನಿಯಮದ ಪ್ರಕಾರ 30 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಸಂಸ್ಥೆ ತನ್ನ ಸಿಬ್ಬಂದಿಯ 2.5ರಿಂದ 15 ಪರ್ಸೆಂಟ್‌ನಷ್ಟು ಅಪ್ರೆಂಟಿಸ್‌ಗಳನ್ನು ಇಟ್ಟುಕೊಳ್ಳಬೇಕು. ಎರಡು, ದುಡ್ಡು. ಪದವಿ ಅಪ್ರೆಂಟಿಸ್‌ಗೆ ಆ ನಿಯಮ ಹಾಕಿದ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 9,000. ನ್ಯಾಟ್ಸ್ ಅನ್ನೋ ಕೇಂದ್ರದ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯಲ್ಲಿ ಅದರ ಅರ್ಧ, ಅಂದರೆ 4,500, ಕೇಂದ್ರ ಸರ್ಕಾರ ಕೊಡುತ್ತದೆ. ಅಪ್ರೆಂಟಿಸ್ ಅಂದರೆ ಕಾಯ್ದೆ ಪ್ರಕಾರ ಟ್ರೈನಿ, ನೌಕರ ಅಲ್ಲ, ಹಾಗಾಗಿ ಪಿಎಫ್, ಇಎಸ್‌ಐ ಕಟ್ಟುವ ಹೊರೆ ಇಲ್ಲ. ಮೂರನೆಯದು ಒಳ್ಳೇ ಕಾರಣ. ಬುದ್ಧಿ ಇರುವ ಕಂಪನಿ ಒಂದು ವರ್ಷ ಮಕ್ಕಳನ್ನು ಹತ್ತಿರದಿಂದ ನೋಡಿ, ಬೇಕಾದವರನ್ನು ಉಳಿಸಿಕೊಳ್ಳುತ್ತದೆ. ಯಾವ ಕಂಪನಿಗೆ ಮೂರನೇ ಕಾರಣ ಮುಖ್ಯವೋ ಅಲ್ಲಿ ನಿಮ್ಮ ಮಗಳು ಕಲಿಯುತ್ತಾಳೆ. ಯಾವುದಕ್ಕೆ ಎರಡನೆಯದೇ ಮುಖ್ಯವೋ ಅಲ್ಲಿ ಅವಳು ಕಡಿಮೆ ಸಂಬಳದ ಕೈ ಆಗುತ್ತಾಳೆ, ಅಷ್ಟೇ.

"ಕೆಲಸ ಗ್ಯಾರಂಟಿ" ಅನ್ನೋ ಮಾತನ್ನು ದಯವಿಟ್ಟು ನಂಬಬೇಡಿ. ಕಾಯ್ದೆಯಲ್ಲಿ ಹಾಗಿಲ್ಲ. ಅಪ್ರೆಂಟಿಸ್ ಮುಗಿಸಿದವರನ್ನು ತೆಗೆದುಕೊಳ್ಳುವ ಬಗ್ಗೆ ಪ್ರತಿ ಕಂಪನಿ ತನ್ನದೇ ನೀತಿ ಮಾಡಿಕೊಳ್ಳಬೇಕು ಅಂತ ಮಾತ್ರ ಇದೆ. ಗ್ಯಾರಂಟಿ ಅಂದವರಿಗೆ, ಬರೆದು ಕೊಡಿ ಅನ್ನಿ.

ಈ ಗೊಂದಲಕ್ಕೆ ಇನ್ನೊಂದು ಮೂಲ ಇದೆ. ಯೂಟ್ಯೂಬ್‌ನಲ್ಲಿ ಹೊರದೇಶದ ಡಿಗ್ರಿ ಅಪ್ರೆಂಟಿಸ್‌ಶಿಪ್ ವಿಡಿಯೋ ನೋಡಿ ಇಲ್ಲೂ ಅದೇ ಅಂದುಕೊಳ್ಳುವವರು ಜಾಸ್ತಿ. ಇಂಗ್ಲೆಂಡಿನಲ್ಲಿ 2015ರಲ್ಲಿ ಇದು ಶುರುವಾಯಿತು. ಅಲ್ಲಿ ಮೊದಲು ಕಂಪನಿ ಕೆಲಸಕ್ಕೆ ತೆಗೆದುಕೊಳ್ಳುತ್ತದೆ, ಆಮೇಲೆ ವಿಶ್ವವಿದ್ಯಾಲಯಕ್ಕೆ ಕಳಿಸುತ್ತದೆ. ಹುಡುಗ ಮೊದಲ ದಿನದಿಂದಲೇ ಸಂಬಳ ಪಡೆಯುವ ನೌಕರ, ಫೀಸು ಅವನ ತಲೆ ಮೇಲೆ ಬರಲ್ಲ. ಅದಕ್ಕೆ ದುಡ್ಡು ಎಲ್ಲಿಂದ ಅಂದರೆ, ವರ್ಷಕ್ಕೆ 30 ಲಕ್ಷ ಪೌಂಡ್ ಮೀರಿ ಸಂಬಳ ಕೊಡುವ ದೊಡ್ಡ ಸಂಸ್ಥೆಗಳಿಂದ 2017ರಿಂದ 0.5 ಪರ್ಸೆಂಟ್ ಲೆವಿ (ತೆರಿಗೆಯಂಥ ವಂತಿಗೆ) ವಸೂಲಿ ಮಾಡುತ್ತಾರೆ. ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ರಾಜ್ಯದ ಡ್ಯುಯಲ್ ವಿಶ್ವವಿದ್ಯಾಲಯದಲ್ಲಿ ಮೂರು ತಿಂಗಳು ಕಾಲೇಜು, ಮೂರು ತಿಂಗಳು ಕಂಪನಿ, ಹೀಗೇ ಮೂರು ವರ್ಷ. ಅಲ್ಲೂ ಮೊದಲು ಕಂಪನಿ ಜೊತೆ ಒಪ್ಪಂದ, ಆಮೇಲೆ ಅಡ್ಮಿಷನ್. ನಮ್ಮಲ್ಲಿ ಇದು ಉಲ್ಟಾ. ಮೊದಲು ಕಾಲೇಜಿಗೆ ಸೇರುತ್ತೀರಿ, ಫೀಸು ಕಟ್ಟುತ್ತೀರಿ, ಎರಡು ವರ್ಷ ಆದ ಮೇಲೆ ಕಂಪನಿ ಯಾವುದು ಅಂತ ಗೊತ್ತಾಗುತ್ತದೆ. ಈ ಎರಡು ವರ್ಷದ ಮಧ್ಯೆ ಕಂಪನಿ ಮನಸ್ಸು ಬದಲಿಸಬಹುದು, ಕಾಲೇಜಿನ ಪ್ರಿನ್ಸಿಪಾಲರು ವರ್ಗ ಆಗಬಹುದು. ನಿಮ್ಮ ನಿಜವಾದ ರಿಸ್ಕ್ ಇರೋದು ಇಲ್ಲೇ. ಬಾಕ್ಸ್ ಎತ್ತೋದರಲ್ಲಿ ಅಲ್ಲ.

ಬೆಂಗಳೂರಿನ ಭಯದ ಬಗ್ಗೆ. ನಮ್ಮ ಎರಡು ಜಿಲ್ಲೆಗಳ ವ್ಯಾಪಾರ ಹೇಗಿದೆ ನೋಡಿ. ದಾವಣಗೆರೆಯಲ್ಲಿ ಅಕ್ಕಿ ಗಿರಣಿ, ಮಂಡಕ್ಕಿ ಭಟ್ಟಿ, ಬಟ್ಟೆ ಅಂಗಡಿ, ಆಸ್ಪತ್ರೆ. ನಿಮ್ಮ ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲು. ಚನ್ನಗಿರಿ, ಭೀಮಸಮುದ್ರದ ಕಡೆ ಅಡಿಕೆ. ವಹಿವಾಟು ಕೋಟಿಗಟ್ಟಲೆ, ಆದರೆ ಬಹುಪಾಲು ಮನೆ ಮಂದಿ ನಡೆಸುವ ವ್ಯವಹಾರ. ಲೆಕ್ಕ ಆಡಿಟರ್ ಆಫೀಸಿನಲ್ಲಿ, ಸಿಬ್ಬಂದಿ ಹತ್ತು ಹದಿನೈದು ಜನ. 30 ಜನದ ಕಡ್ಡಾಯ ನಿಯಮ ಇವರಿಗೆ ತಾಕಲ್ಲ. ಬೇಕಾದರೆ ಅಪ್ರೆಂಟಿಸ್ ಇಟ್ಟುಕೊಳ್ಳಬಹುದು, ಆದರೆ ಸರ್ಕಾರಿ ಪೋರ್ಟಲ್ಲಿನಲ್ಲಿ ನೋಂದಣಿ, ಒಪ್ಪಂದ ಅಂದರೆ ಹಿಂದೆ ಸರಿಯುತ್ತಾರೆ. ಹಾಗಾಗಿ ಲಾಜಿಸ್ಟಿಕ್ಸ್ ಅಂದ ಕೂಡಲೇ ಕಾಲೇಜುಗಳು ನೋಡೋದು ಹೈವೇ ಹಿಡಿದು ದಾಬಸ್‌ಪೇಟೆ, ನೆಲಮಂಗಲ, ಹೊಸಕೋಟೆ ಕಡೆಯ ದೊಡ್ಡ ಗೋಡೌನ್‌ಗಳನ್ನೇ. ನನಗೆ ಇದೊಂದು ದೊಡ್ಡ ಕೊರಗು. ಎಪಿಎಂಸಿ ಯಾರ್ಡು, ಎಣ್ಣೆ ಮಿಲ್ಲು, ಅಡಿಕೆ ಮಂಡಿ ಇಷ್ಟೆಲ್ಲ ಇಟ್ಟುಕೊಂಡು ನಮ್ಮ ಕಾಲೇಜುಗಳು ಅಲ್ಲಿನ ಮಾಲೀಕರ ಹತ್ತಿರ ಕೂತು ಮಾತಾಡಿದ್ದು ಕಡಿಮೆ. ನಾಲ್ಕೈದು ಮಿಲ್ಲಿನವರು ಸೇರಿ ತಲಾ ಇಬ್ಬರನ್ನು ಕಲಿಸಿದರೂ ಚಳ್ಳಕೆರೆ ಹುಡುಗಿ ಚಳ್ಳಕೆರೆಯಲ್ಲೇ ಕಲಿಯಬಹುದು. ನೀವು ಅಂಗಡಿಯವರು, ನಿಮಗೆ ಅವರ ಪರಿಚಯ ಇರುತ್ತದೆ. ಕಾಲೇಜಿನವರಿಗೆ ಈ ಮಾತು ನೀವೂ ಎತ್ತಿ ನೋಡಿ.

ಬೆಂಗಳೂರೇ ಆದರೆ ಲೆಕ್ಕ ಹಾಕಿಕೊಳ್ಳಿ. ಪಿಜಿ ಬಾಡಿಗೆ, ಊಟ, ಮೇಲಿನ ಖರ್ಚು ಕಳೆದರೆ 9,000ದಲ್ಲಿ ಕೈಗೆ ಏನೂ ಉಳಿಯಲ್ಲ, ಮನೆಯಿಂದಲೇ ಸ್ವಲ್ಪ ಕಳಿಸಬೇಕಾಗಬಹುದು. 9,000 ಅನ್ನೋದು 2019ರ ನಿಯಮದ ಕನಿಷ್ಠ, ಕಂಪನಿ ಜಾಸ್ತಿ ಕೊಡಬಹುದು. ಸ್ಟೈಪೆಂಡನ್ನು 36 ಪರ್ಸೆಂಟ್ ಏರಿಸಿ ಅಂತ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿತ್ತು. ಹಾಗಾಗಿ ಮಗಳು ಮೂರನೇ ವರ್ಷಕ್ಕೆ ಬಂದಾಗ ಆ ಹೊತ್ತಿನ ಮೊತ್ತ ಎಷ್ಟು ಅಂತ ನೋಡಿಕೊಳ್ಳಿ. ಸರ್ಕಾರದ ಪಾಲು ನೇರ ಅವಳ ಖಾತೆಗೆ ಬರುತ್ತದೆ. ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಅವಳ ಹೆಸರಲ್ಲೇ ಇರಲಿ. ಹೆಸರಿನ ಇನಿಷಿಯಲ್ ಮಾರ್ಕ್ಸ್ ಕಾರ್ಡಲ್ಲಿ ಒಂದು ಥರ, ಆಧಾರಲ್ಲಿ ಇನ್ನೊಂದು ಥರ ಇದ್ದರೆ ಈಗಲೇ ಸರಿ ಮಾಡಿಸಿ.

ಕಾಲೇಜಿಗೆ ಹೋದಾಗ ಬ್ರೋಷರ್ ಕೇಳಬೇಡಿ, ಹಿಂದಿನ ಬ್ಯಾಚಿನ ಒಂದು ಅಪ್ರೆಂಟಿಸ್‌ಶಿಪ್ ಒಪ್ಪಂದ ತೋರಿಸಿ ಅನ್ನಿ. ಕಾಯ್ದೆ ಪ್ರಕಾರ ವಿದ್ಯಾರ್ಥಿ ಮತ್ತು ಕಂಪನಿ ಮಧ್ಯೆ ಒಪ್ಪಂದ ಆಗಿ ಅದು ಪೋರ್ಟಲ್‌ನಲ್ಲಿ ನೋಂದಣಿ ಆಗಲೇಬೇಕು. ನ್ಯಾಟ್ಸ್ ಆದರೆ ದಕ್ಷಿಣದ ರಾಜ್ಯಗಳಿಗೆ ಚೆನ್ನೈನ ಅಪ್ರೆಂಟಿಸ್‌ಶಿಪ್ ತರಬೇತಿ ಮಂಡಳಿ ನೋಡಿಕೊಳ್ಳುತ್ತದೆ. ನೋಂದಣಿ ಇಲ್ಲ, ಸುಮ್ನೆ ಕಂಪನಿ ಲೆಟರ್‌ಹೆಡ್ಡಲ್ಲಿ ಒಂದು ಪತ್ರ ಇದೆ ಅಂದರೆ ಅದು ಅಪ್ರೆಂಟಿಸ್‌ಶಿಪ್ ಅಲ್ಲ, ಏನಾದರೂ ಆದರೆ ಕೇಳೋರೇ ಇರಲ್ಲ. ನೋಂದಣಿ ಆಗಿದ್ದರೆ ಕೆಲಸದ ವೇಳೆ ಪೆಟ್ಟಾದರೆ ಪರಿಹಾರ ಕೊಡುವ ಜವಾಬ್ದಾರಿ ಕಂಪನಿಯದು. ಅಪ್ರೆಂಟಿಸ್‌ಶಿಪ್ ಸಲಹೆಗಾರರ (ಈ ಕಾಯ್ದೆಯ ಕೆಳಗೆ ನೇಮಕವಾದ ಸರ್ಕಾರಿ ಅಧಿಕಾರಿ) ಅನುಮತಿ ಇಲ್ಲದೆ ಓವರ್‌ಟೈಮ್ ಮಾಡಿಸುವ ಹಾಗಿಲ್ಲ. ಪೀಸ್ ಲೆಕ್ಕದಲ್ಲಿ, ಅಂದರೆ ಎಷ್ಟು ನಗ ಮುಗಿಸಿದರೆ ಅಷ್ಟೇ ದುಡ್ಡು ಅಂತ ಕೊಡುವ ಹಾಗೂ ಇಲ್ಲ.

ಆಮೇಲೆ ಸೀನಿಯರ್ ಮಕ್ಕಳ ನಂಬರ್ ತೆಗೆದುಕೊಂಡು ಮಗಳೇ ಮಾತಾಡಲಿ. ನೀವು ಮಾತಾಡಿದರೆ ಅವರು ಸಂಕೋಚಪಟ್ಟು ಎಲ್ಲಾ ಚೆನ್ನಾಗಿದೆ ಸರ್ ಅಂತಾರೆ. ದಿನಾ ಏನು ಕೆಲಸ ಇತ್ತು, ಹೇಳಿಕೊಟ್ಟವರು ಯಾರು, ಕಾಲೇಜಿನ ಮೇಷ್ಟ್ರು ಒಮ್ಮೆಯಾದರೂ ಬಂದು ನೋಡಿದರಾ, ಬ್ಯಾಕ್‌ಲಾಗ್ ಉಳಿದವರಿಗೆ ಪರೀಕ್ಷೆ ಬರೆಯೋಕೆ ರಜೆ ಸಿಕ್ಕಿತಾ, ಹುಡುಗಿಯರಿಗೆ ಉಳಿಯೋ ವ್ಯವಸ್ಥೆ ಹೇಗಿತ್ತು, ರಾತ್ರಿ ಪಾಳಿ ಇತ್ತಾ, ಕಂಪನಿ ಮಧ್ಯದಲ್ಲಿ ಕೈಬಿಟ್ಟಾಗ ಕಾಲೇಜು ಬೇರೆ ಕಡೆ ಹಾಕಿಸಿತಾ. ಈ ಮಾತುಕತೆಯಿಂದ ಗೊತ್ತಾಗುವಷ್ಟು ಯಾವ ಕೌನ್ಸೆಲಿಂಗಿನಲ್ಲೂ ಗೊತ್ತಾಗಲ್ಲ.

ಇನ್ನು ನೆಂಟರು ಹೇಳಿದ ದಾರಿ, ಮಾಮೂಲಿ ಬಿ.ಕಾಂ. ಮತ್ತು ಕೋಚಿಂಗ್. ಅದರಲ್ಲೂ ತಪ್ಪಿಲ್ಲ, ಮಗಳ ಮನಸ್ಸು ಬ್ಯಾಂಕ್ ಕಡೆಗೇ ಇದ್ದರೆ ಅದೇ ಸರಿ. ಯಾಕಂದರೆ ಅಪ್ರೆಂಟಿಸ್ ವರ್ಷದಲ್ಲಿ ಬೆಳಿಗ್ಗೆ ಹೋಗಿ ಸಂಜೆ ಸುಸ್ತಾಗಿ ಬಂದು ರೀಸನಿಂಗ್ ಅಭ್ಯಾಸ ಮಾಡೋದು ಕಷ್ಟ, ಒಂದು ವರ್ಷದ ತಯಾರಿ ಹಿಂದೆ ಬೀಳುತ್ತದೆ. ಆದರೆ ಬರೀ ಕೋಚಿಂಗ್ ನಂಬಿ ಪದವಿ ಆದ ಮೇಲೂ ಮೂರು ನಾಲ್ಕು ವರ್ಷ ಪರೀಕ್ಷೆ ಬರೆಯುತ್ತಲೇ ಕೂತವರು ದಾವಣಗೆರೆಯ ವಿದ್ಯಾನಗರದ ರೂಮುಗಳಲ್ಲಿ ತುಂಬಾ ಜನ ಸಿಗುತ್ತಾರೆ. ಒಳ್ಳೇ ಮಕ್ಕಳು, ಕಷ್ಟಪಟ್ಟವರು. ಇಪ್ಪತ್ತೈದು ದಾಟಿದ ಮೇಲೆ ಖಾಸಗಿ ಕಂಪನಿಗೆ ಇಂಟರ್‌ವ್ಯೂಗೆ ಹೋದರೆ, ಇಷ್ಟು ದಿನ ಏನು ಮಾಡಿದೆ ಅನ್ನೋ ಪ್ರಶ್ನೆಗೆ ಅವರ ಹತ್ತಿರ ಉತ್ತರ ಇರಲ್ಲ. ಆ ನೋವು ನೋಡಿದವನಾಗಿ ಹೇಳುತ್ತೇನೆ, ಕೋಚಿಂಗ್ ಮಾಡಿಸಿದರೂ ಒಂದು ಗಡುವು ಇಟ್ಟುಕೊಳ್ಳಿ.

ಇವೆರಡರ ನಡುವೆ ಒಂದು ದಾರಿ ಇದೆ, ಯಾರೂ ಹೇಳಲ್ಲ. ಹತ್ತಿರದ ಕಾಲೇಜಿನಲ್ಲಿ ಮಾಮೂಲಿ ಬಿ.ಕಾಂ. ಮಾಡಲಿ. ಎರಡನೇ ವರ್ಷದಿಂದ ಮಧ್ಯಾಹ್ನದ ಮೇಲೆ ಒಬ್ಬ ಆಡಿಟರ್ ಆಫೀಸಿನಲ್ಲೋ ಟ್ಯಾಕ್ಸ್ ಪ್ರಾಕ್ಟೀಷನರ್ ಹತ್ತಿರವೋ ಟ್ಯಾಲಿ ಎಂಟ್ರಿ, ಜಿಎಸ್‌ಟಿ ರಿಟರ್ನ್ ಕಲಿಯಲಿ. ಪದವಿ ಮುಗಿದ ಮೇಲೂ ನ್ಯಾಟ್ಸ್‌ನಲ್ಲಿ ಒಂದು ವರ್ಷ ಪದವೀಧರ ಅಪ್ರೆಂಟಿಸ್ ಆಗಬಹುದು. ಆಗ ಪದವಿ ಕೈಯಲ್ಲಿರುತ್ತದೆ, ಕಂಪನಿ ಸರಿ ಇಲ್ಲ ಅಂದರೆ ಪದವಿಗೆ ಪೆಟ್ಟು ಬೀಳಲ್ಲ. ಮಗಳಿಗೆ ಲೆಕ್ಕಪತ್ರದಲ್ಲಿ ನಿಜವಾಗಿ ಆಸಕ್ತಿ ಇದ್ದರೆ ಸಿಎ ಫೌಂಡೇಶನ್ ಪುಸ್ತಕ ಒಮ್ಮೆ ತೆರೆದು ನೋಡಲಿ. 2023ರ ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್ ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ. ಅದು ಕಠಿಣ, ಸ್ಟೈಪೆಂಡೂ ಚಿಕ್ಕದು, ಎಲ್ಲರಿಗೂ ಹೇಳೋ ಮಾತಲ್ಲ.

ನನ್ನ ಮಗಳಾಗಿದ್ದರೆ ಏನು ಮಾಡುತ್ತಿದ್ದೆ ಅಂತ ಕೇಳಿದರೆ, ಕಾಲೇಜಿನವರು ಹಳೇ ಒಪ್ಪಂದ ತೋರಿಸಿ, ಸೀನಿಯರ್‌ಗಳು ಕಲಿತೆವು ಅಂದು, ಮೂರನೇ ವರ್ಷ ಕಂಪನಿ ಸಿಗದಿದ್ದರೆ ಮಾಮೂಲಿ ಬಿ.ಕಾಂ. ವಿಷಯಗಳನ್ನೇ ಓದಿ ಮುಗಿಸಲು ದಾರಿ ಇದೆ ಅಂತ ಬರೆದುಕೊಟ್ಟರೆ ಸೇರಿಸುತ್ತಿದ್ದೆ. ಅವಳಿಗೆ ಆಸೆ ಇದೆ ಅಂತ ನೀವೇ ಬರೆದಿದ್ದೀರಿ, ಅದು ಸಣ್ಣ ವಿಷಯ ಅಲ್ಲ. ಈ ಮೂರರಲ್ಲಿ ಒಂದಕ್ಕೆ ಕಾಲೇಜು ತಡವರಿಸಿದರೂ ನಡುವಿನ ದಾರಿ ಹಿಡಿಯುತ್ತಿದ್ದೆ.

ಕೊನೆಗೆ ಬಾಂಡ್ ವಿಷಯ. ತರಬೇತಿ ಮುಗಿದ ಮೇಲೆ ಇಷ್ಟು ಕಾಲ ನಮ್ಮಲ್ಲೇ ಕೆಲಸ ಮಾಡಬೇಕು ಅಂತ ಒಪ್ಪಂದದಲ್ಲಿ ಬರೆಸಲು ಕಾಯ್ದೆಯಲ್ಲಿ ಅವಕಾಶ ಇದೆ. ಆದರೆ ಹಾಗೆ ಬರೆಸಿದರೆ ಕಂಪನಿಯೂ ತಕ್ಕ ಕೆಲಸ ಕೊಡಲೇಬೇಕು, ಸಂಬಳ ಎಷ್ಟು, ಎಷ್ಟು ಕಾಲ ಅಂತಲೂ ಅದರಲ್ಲೇ ಇರಬೇಕು. ಒಂದೇ ಕಡೆ ಕಟ್ಟಿಹಾಕುವ ಕಾಗದಕ್ಕೆ ಸಹಿ ಹಾಕಬೇಡಿ. ಸರಿಯಾದ ಕಾರಣ ಇಲ್ಲದೆ ಮಧ್ಯದಲ್ಲಿ ಬಿಟ್ಟರೆ ತರಬೇತಿ ಖರ್ಚು ಕೇಳಬಹುದು, ಆದರೆ ಮೊತ್ತ ತೀರ್ಮಾನ ಮಾಡೋದು ಅಪ್ರೆಂಟಿಸ್‌ಶಿಪ್ ಸಲಹೆಗಾರರು, ಕಂಪನಿಯ ಎಚ್‌ಆರ್ ಅಲ್ಲ. ಕಂಪನಿ ಮಾತು ತಪ್ಪಿದರೆ ಅದೂ ಪರಿಹಾರ ಕೊಡಬೇಕು. ಮಗಳಿಗೆ 18 ತುಂಬುವ ಮುಂಚೆ ಒಪ್ಪಂದ ಆದರೆ ನಿಮ್ಮ ಸಹಿಯೂ ಬೇಕು, ಓದದೆ ಹಾಕಬೇಡಿ. ಇಂಗ್ಲಿಷಿನಲ್ಲಿದ್ದರೆ ಮನೆಗೆ ತಂದು ಗೊತ್ತಿರುವವರಿಂದ ಓದಿಸಿ, ಒಂದು ದಿನ ತಡವಾದರೆ ಯಾರ ಸೀಟೂ ಹೋಗಲ್ಲ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಮಾತ್ರ ಕಂಪನಿಗಾಗಲಿ, ಮಧ್ಯದ ಏಜೆನ್ಸಿಗಾಗಲಿ ಕೊಡಬೇಡಿ. ತೋರಿಸಿ, ಜೆರಾಕ್ಸ್ ಕೊಟ್ಟು, ಒರಿಜಿನಲ್ ವಾಪಸ್ ಮನೆಗೆ ತನ್ನಿ.